ಮರಿಗಳನ್ನ ಕೊಂದ ಗಂಡಿನ ಜೊತೆಗೇ ಹೆಣ್ಣು ಸಿಂಹ ಯಾಕೆ ಸೇರುತ್ತೆ?

ಮಳೆಹುಳು (ಚರ್ಚೆ ಶುರು ಮಾಡಿದವರು)

ನಿನ್ನೆ ರಾತ್ರಿ ಆಫ್ರಿಕಾದ ಸೆರೆಂಗೆಟಿಯ ಒಂದು ವಿಡಿಯೊ ನೋಡಿ ನಿದ್ದೆ ಕೆಟ್ಟಿತು. ಎಲ್ಲಿಂದಲೋ ಬಂದ ಎರಡು ಗಂಡು ಸಿಂಹಗಳು ಹುಲ್ಲಿನ ಮರೆಯಲ್ಲಿದ್ದ ಮೂರು ಪುಟ್ಟ ಮರಿಗಳನ್ನ ಒಂದಾದ ಮೇಲೊಂದು ಕಚ್ಚಿ ಕೊಂದವು. ಹಸಿವಿಗಲ್ಲ, ಕೊಂದು ಅಲ್ಲೇ ಬಿಟ್ಟು ನಡೆದವು. ತಾಯಿ ಗುರುಗುಟ್ಟಿದಳು, ಪಂಜ ಬೀಸಿದಳು, ಆಗಲಿಲ್ಲ. ಇಷ್ಟೇ ಆಗಿದ್ದರೆ ಕಾಡು ಅಂದ್ರೆ ಹೀಗೇ ಅಂದುಕೊಂಡು ಮಲಗ್ತಿದ್ದೆ. ಆದರೆ ಕೊನೆಯಲ್ಲಿ ಕೆಲವು ವಾರ ಕಳೆದ ಮೇಲಿನ ದೃಶ್ಯ ಇತ್ತು. ಅದೇ ತಾಯಿ ಅದೇ ಗಂಡಿನ ಮೂತಿಗೆ ತಲೆ ಉಜ್ಜುತ್ತಾ, ಅದರ ಮುಂದೆ ಹೊರಳಾಡುತ್ತಾ ಕರೀತಿದ್ದಳು.

ನನಗೆ ಎರಡು ಪ್ರಶ್ನೆ. ಇದು ಎಲ್ಲೋ ಒಮ್ಮೆ ಆಗುವಂಥದ್ದಾ, ಸಿಂಹಗಳಲ್ಲಿ ಮಾಮೂಲಾ? ಅವಳು ಯಾಕೆ ಅವನ ಜೊತೆ ಸೇರ್ತಾಳೆ? ಮೂರನೆಯದೂ ಇದೆ, ಕೇಳಿಯೇ ಬಿಡ್ತೀನಿ. ಬೇಟೆಯೆಲ್ಲ ಹೆಣ್ಣುಗಳದ್ದು, ತಿನ್ನೋಕೆ ಮೊದಲು ಗಂಡು. ಮರಿ ಕೊಲ್ಲೋದು ಬಿಟ್ಟರೆ ಈ ಮೃಗರಾಜನಿಗೆ ಬೇರೆ ಕೆಲಸವೇ ಇಲ್ವಾ?

---

ಗೂಬೆಕಣ್ಣು

ಮಾಮೂಲು ಅಂತಲೇ ಹೇಳಬೇಕು. ಸೆರೆಂಗೆಟಿಯಲ್ಲಿ 1966ರಲ್ಲಿ ಜಾರ್ಜ್ ಶಾಲರ್ ಶುರು ಮಾಡಿದ ಸಿಂಹಗಳ ಅಧ್ಯಯನ 1978ರಲ್ಲಿ ಕ್ರೇಗ್ ಪ್ಯಾಕರ್ ಮತ್ತು ಆನ್ ಪ್ಯೂಸಿ ಕೈಗೆ ಬಂತು. ಮೀಸೆ ಬುಡದ ಚುಕ್ಕೆಗಳ ಸಾಲು ನೋಡಿ ಒಂದೊಂದು ಸಿಂಹವನ್ನೂ ಗುರುತಿಟ್ಟುಕೊಂಡು, ಅಜ್ಜಿಯಿಂದ ಮೊಮ್ಮಗಳ ತನಕ ವಂಶಾವಳಿ ಬರೆದಿಟ್ಟ ಜನ. ಅವರ ಲೆಕ್ಕದಲ್ಲಿ, ಹುಟ್ಟಿದ ವರ್ಷದೊಳಗೇ ಸಾಯುವ ಮರಿಗಳಲ್ಲಿ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಸಾಯೋದು ಹೀಗೆ ಹೊಸ ಗಂಡುಗಳ ಬಾಯಲ್ಲಿ.

ಯಾಕೆ ಅನ್ನೋದಕ್ಕೆ ಮೊದಲು ಗುಂಪು ಅಂದ್ರೇನು ನೋಡಿ. ಸಿಂಹದ ಗುಂಪು ಹೆಣ್ಣುಗಳದ್ದು. ಅಜ್ಜಿ, ಅಮ್ಮ, ಚಿಕ್ಕಮ್ಮ, ಅಕ್ಕತಂಗಿ, ಎಲ್ಲ ಒಂದೇ ರಕ್ತ. ಹೆಚ್ಚಿನವು ಹುಟ್ಟಿದ ನೆಲದಲ್ಲೇ ಬೆಳೆದು ಅಲ್ಲೇ ಸಾಯುತ್ತವೆ. ಗಂಡು ಮರಿಗಳು ಎರಡರಿಂದ ನಾಲ್ಕು ವರ್ಷದೊಳಗೆ ಹೊರಬೀಳಬೇಕು. ಒಡಹುಟ್ಟಿದವರೋ ದಾರಿಯಲ್ಲಿ ಸಿಕ್ಕ ಇನ್ನೊಬ್ಬ ಅಲೆಮಾರಿಯೋ ಸೇರಿ ಜೊತೆ ಕಟ್ಟಿಕೊಂಡು, ವರ್ಷಗಟ್ಟಲೆ ಊರಿಲ್ಲದೆ ತಿರುಗಿ, ಮೈ ಬಲಿತ ಮೇಲೆ ಬೇರೆ ಗುಂಪಿನ ಗಂಡುಗಳನ್ನ ಓಡಿಸಿ ಒಳಗೆ ಬರುತ್ತವೆ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಗಂಡು ಸಿಂಹ ರಾಜ ಅಲ್ಲ, ಮನೆ ಅಳಿಯ. ಅದೂ ಸರಾಸರಿ ಎರಡು ಮೂರು ವರ್ಷದ ಮಟ್ಟಿಗೆ, ಇನ್ನೊಬ್ಬ ಅಳಿಯ ಬಂದು ಹೊರಗೆ ಹಾಕೋ ತನಕ.

ಈಗ ಆ ಎರಡು ಮೂರು ವರ್ಷವನ್ನ ಹೆಣ್ಣಿನ ಲೆಕ್ಕದ ಪಕ್ಕ ಇಟ್ಟು ನೋಡಿ. ಮರಿಗಳು ಬದುಕಿದ್ದರೆ ಅವಳು ಮತ್ತೆ ಈಯೋದು ಸುಮಾರು ಎರಡು ವರ್ಷಕ್ಕೊಮ್ಮೆ. ಇನ್ನೊಬ್ಬನ ಮರಿಗಳು ದೊಡ್ಡವಾಗಲಿ ಅಂತ ಕಾದು ಕೂತ ಗಂಡಿಗೆ, ತನ್ನ ಮರಿ ಹುಟ್ಟೋ ಹೊತ್ತಿಗೆ ಕಾಲ ಮುಗಿದಿರುತ್ತೆ. ಅವು ಹುಟ್ಟಿದರೂ ಕಣ್ಣು ಬಿಡೋಷ್ಟರಲ್ಲಿ ಮುಂದಿನವನು ಬಂದಿರುತ್ತಾನೆ. ಮರಿ ಸತ್ತರೆ ತಾಯಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಬೆದೆಗೆ ಬರುತ್ತಾಳೆ. ನೀವು ವಿಡಿಯೊದಲ್ಲಿ ನೋಡಿದ್ದು ಅದನ್ನೇ.

---

ಪ್ರಶ್ನಾರ್ಥಕ

ಓದೋಕೆ ಚೆನ್ನಾಗಿದೆ. ಆದ್ರೆ ಸಿಂಹ ಕ್ಯಾಲೆಂಡರ್ ಇಟ್ಟುಕೊಂಡು ಕೂತಿರುತ್ತಾ? "ನನಗೆ ಇನ್ನು ಎರಡು ವರ್ಷ ಇದೆ, ಇವು ನನ್ನವಲ್ಲ, ಕೊಂದುಬಿಡೋಣ" ಅಂತ ಲೆಕ್ಕ ಹಾಕಿದ ಹಾಗೆ ಬರೆದಿದ್ದೀರಿ.

---

ಗೂಬೆಕಣ್ಣು

ಒಪ್ಪಿದೆ, ನನ್ನ ಮಾತು ಹಾಗೆ ಕೇಳಿಸುತ್ತೆ. ಸಿಂಹಕ್ಕೆ ಲೆಕ್ಕವೂ ಇಲ್ಲ, ವಂಶದ ಚಿಂತೆಯೂ ಇಲ್ಲ. ಹೊಸ ಜಾಗಕ್ಕೆ ಬಂದ ಗಂಡಿಗೆ ಪರಿಚಯವಿಲ್ಲದ ಚಿಕ್ಕ ಮರಿ ಕಂಡರೆ ಕಚ್ಚಬೇಕು ಅನ್ನಿಸುತ್ತೆ, ಅಷ್ಟೇ. ಹಾಗೆ ಅನ್ನಿಸಿದ ಗಂಡುಗಳ ಮರಿಗಳು ಹೆಚ್ಚು ಉಳಿದವು, ಆ ಮರಿಗಳಿಗೂ ಹಾಗೇ ಅನ್ನಿಸಿತು. ಸಾವಿರಾರು ತಲೆಮಾರು ಕಳೆದ ಮೇಲೆ ಹೊರಗಿನಿಂದ ನೋಡೋ ನಮಗೆ ಅದು ಲೆಕ್ಕಾಚಾರದ ಹಾಗೆ ಕಾಣುತ್ತೆ. ತಾಯಿಯದ್ದೂ ಹಾಗೇ. ಅವಳು ಕ್ಷಮಿಸಿದ್ದೂ ಅಲ್ಲ, ಮರೆತದ್ದೂ ಅಲ್ಲ. ಹಾಲು ಕುಡಿಯೋರು ಇಲ್ಲವಾದಾಗ ಮೈ ಮತ್ತೆ ಬೆದೆಗೆ ತಿರುಗುತ್ತೆ.

---

ಡಾ_ಗೊರಸು

ನಾನು ದನ, ನಾಯಿ ನೋಡುವ ಪಶುವೈದ್ಯ. ಸಿಂಹವನ್ನು ಮುಟ್ಟಿದ್ದು ಜೀವನದಲ್ಲಿ ಒಂದೇ ಸಲ, ಅದೂ ಅರಿವಳಿಕೆ ಕೊಟ್ಟ ಮೇಲೆ. ಹಾಗಾಗಿ ಕಾಡಿನ ವಿಷಯ ಬಲ್ಲವರು ತಿದ್ದಬಹುದು. ಮೈಯೊಳಗಿನ ವಿಷಯ ಮಾತ್ರ ಹೇಳುತ್ತೇನೆ.

ಹಸುವಿನಲ್ಲಿ ಬೆದೆ ಬಂದರೆ ಅಂಡ ತಾನಾಗಿ ಬಿಡುಗಡೆಯಾಗುತ್ತದೆ. ಬೆಕ್ಕಿನ ಜಾತಿಯಲ್ಲಿ ಬಹುಮಟ್ಟಿಗೆ ಹಾಗಲ್ಲ, ಕೂಡಿದ ಮೇಲೆಯೇ ಅಂಡ ಬಿಡುಗಡೆಗೆ ಚಾಲನೆ ಸಿಗುವುದು. ಒಂದು ಸಲದ ಪ್ರಚೋದನೆ ಸಾಲುವುದಿಲ್ಲ. ಆದ್ದರಿಂದಲೇ ಸಿಂಹಗಳ ಜೋಡಿ ಸುಮಾರು ನಾಲ್ಕು ದಿನ ಗುಂಪಿನಿಂದ ದೂರ ಸರಿದು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ, ಹಗಲು ರಾತ್ರಿ ಎನ್ನದೆ ಕೂಡುತ್ತವೆ. ದಿನಕ್ಕೆ ನಲವತ್ತು ಐವತ್ತು ಸಲವೂ ಆಗುವುದುಂಟು. ಪ್ರತಿ ಸಲವೂ ಒಂದು ನಿಮಿಷದೊಳಗಿನ ಕೆಲಸ. ಗಂಡಿನ ಅಂಗದ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ಮುಗಿದ ಕೂಡಲೇ ಹೆಣ್ಣು ತಿರುಗಿ ಪಂಜ ಬೀಸುವುದನ್ನು ನೀವೆಲ್ಲ ವಿಡಿಯೊಗಳಲ್ಲಿ ನೋಡಿರುತ್ತೀರಿ. ಈ ದಿನಗಳಲ್ಲಿ ಊಟದ ಕಡೆ ಗಮನ ಅಷ್ಟಕ್ಕಷ್ಟೆ.

ಗರ್ಭ ನಿಂತರೆ ಸುಮಾರು 110 ದಿನ. ಅಷ್ಟು ದೊಡ್ಡ ಪ್ರಾಣಿಗೆ ಇದು ಬಹಳ ಕಡಿಮೆ, ಹಸುವಿಗೆ ಒಂಬತ್ತು ತಿಂಗಳು ಬೇಕು. ಹಾಗಾಗಿ ಮರಿಗಳೂ ಪುಟ್ಟವು, ಒಂದೊಂದು ಒಂದೂಕಾಲರಿಂದ ಒಂದೂವರೆ ಕಿಲೊ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಒಂದು ಸೂಲಿಗೆ ಸಾಮಾನ್ಯವಾಗಿ ಒಂದರಿಂದ ನಾಲ್ಕು. ತಾಯಿ ಒಬ್ಬಳೇ ದೂರ ಹೋಗಿ ಪೊದೆಯಲ್ಲೋ ಬಂಡೆ ಸಂದಿಯಲ್ಲೋ ಈಯುತ್ತಾಳೆ. ವಾಸನೆ ಹಿಡಿದು ಯಾರೂ ಬರದಿರಲೆಂದು ಆಗಾಗ ಜಾಗ ಬದಲಾಯಿಸುತ್ತಾಳೆ, ಒಂದೊಂದೇ ಮರಿಯನ್ನು ಕತ್ತಿನ ಹಿಂಭಾಗದಲ್ಲಿ ಕಚ್ಚಿ ಎತ್ತಿಕೊಂಡು. ಗುಂಪಿನ ಉಳಿದವರಿಗೆ ಮುಖ ತೋರಿಸುವುದು ಆರರಿಂದ ಎಂಟು ವಾರವಾದ ಮೇಲೆ.

ಗೂಬೆಕಣ್ಣು ಅವರ ಮಾತಿಗೆ ಒಂದು ಸೇರ್ಪಡೆ. ಹೊಸ ಗಂಡುಗಳು ಬಂದ ಮೇಲೆ ಹೆಣ್ಣುಗಳು ಬೇಗ ಬೆದೆಗೆ ಬರುತ್ತವೆ, ಕೂಡುತ್ತವೆ. ಆದರೆ ಮೊದಲ ಕೆಲವು ತಿಂಗಳು ಗರ್ಭ ನಿಲ್ಲುವುದು ಕಡಿಮೆ. ಪ್ಯಾಕರ್ ಮತ್ತು ಪ್ಯೂಸಿ 1980ರ ದಶಕದಲ್ಲೇ ಇದನ್ನು ಬರೆದಿದ್ದರು. ಬಂದವರು ನಿಲ್ಲುತ್ತಾರೋ, ವಾರದಲ್ಲೇ ಒದೆ ತಿಂದು ಓಡುತ್ತಾರೋ ಅನ್ನುವುದು ಆ ಹೊತ್ತಿಗೆ ತೀರ್ಮಾನವಾಗಿರುತ್ತದೆ. ಮಳೆಹುಳು ಅವರೇ, ನಿಮಗೆ ಶರಣಾಗತಿಯಂತೆ ಕಂಡ ಆ ದೃಶ್ಯದಲ್ಲಿ ಅವಳ ಮೈ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ ಅನ್ನಿಸುತ್ತದೆ.

---

ಮಳೆಹುಳು

ಡಾಕ್ಟ್ರೇ, ಈ ಕೊನೇ ಮಾತು ನನಗೆ ಗೊತ್ತೇ ಇರಲಿಲ್ಲ. ಆ ದೃಶ್ಯವನ್ನ ಇನ್ನೊಂದ್ಸಲ ನೋಡೋ ಧೈರ್ಯ ಬಂತು.

ಮನೆ ಅಳಿಯ ಅಂದಿದ್ದು ಇಷ್ಟವಾಯ್ತು. ಆದ್ರೆ ಅಳಿಯ ದುಡೀತಾನೋ ಇಲ್ವೋ ಅದನ್ನ ಯಾರೂ ಹೇಳಲಿಲ್ಲ.

---

ಕಿರುಬನ_ಕಡೆಯವ

ದುಡಿಯೋದಾ! ಗುರು, ನಿಮ್ಮ ಮೃಗರಾಜ ಕದಿಯೋದ್ರಲ್ಲಿ ನಂಬರ್ ಒನ್. 1960ರ ದಶಕದಲ್ಲಿ ಹಾನ್ಸ್ ಕ್ರೂಕ್ ಅನ್ನೋರು ಗೊರೊಂಗೊರೊ ಕುಳಿಯಲ್ಲಿ ರಾತ್ರಿಯೆಲ್ಲ ಕೂತು ಕತ್ತೆಕಿರುಬಗಳನ್ನ ನೋಡಿದರು. ಅಲ್ಲಿ ಬೆಳಿಗ್ಗೆ ಬಂದ ಪ್ರವಾಸಿಗಳಿಗೆ ಕಾಣ್ತಿದ್ದದ್ದು ಏನು? ಸಿಂಹ ತಿಂತಾ ಇದೆ, ಸುತ್ತ ಕಿರುಬಗಳು ಜೊಲ್ಲು ಸುರಿಸ್ತಾ ನಿಂತಿವೆ. ನೋಡಪ್ಪ, ಎಂಜಲಿಗೆ ಬಂದವು ಅಂತ ಎಲ್ಲರೂ ಬರ್ಕೊಂಡು ಹೋದರು. ರಾತ್ರಿ ನಡೆದಿದ್ದು ತಿರುಗುಮುರುಗು. ಕೊಂದದ್ದು ಕಿರುಬ, ಕಿತ್ಕೊಂಡದ್ದು ಸಿಂಹ. ಕತ್ತೆಕಿರುಬ ತಿನ್ನೋ ಮಾಂಸದಲ್ಲಿ ಹೆಚ್ಚಿನದ್ದು ಅದೇ ಬೇಟೆಯಾಡಿದ್ದು. ಇಷ್ಟಾದ್ರೂ ಬಿರುದು ಅದಕ್ಕೆ, ಬೈಗುಳ ಇದಕ್ಕೆ.

---

ಸವನ್ನಾ_ಸುಮ

ಕಿರುಬನ ಕಡೆಯವರು ಬಂದ್ರು, ಇನ್ನು ಚರ್ಚೆಗೆ ಕಳೆ ಬಂತು :)

ಆದ್ರೆ ಗಂಡು ಬೇಟೆಯಾಡಲ್ಲ ಅನ್ನೋದು ಹಳೇ ಮಾತು. ಬಯಲಲ್ಲಿ ಜೀಪಿನಿಂದ ಕಾಣೋದು ಹೆಣ್ಣುಗಳ ಬೇಟೆ, ಅದಕ್ಕೇ ಹಾಗೆ ಅನ್ನಿಸಿದ್ದು. ದಕ್ಷಿಣ ಆಫ್ರಿಕಾದ ಕ್ರೂಗರ್‌ ಕಾಡಿನಲ್ಲಿ ಸಿಂಹಗಳಿಗೆ ಜಿಪಿಎಸ್ ಕಾಲರ್ ಹಾಕಿ, ವಿಮಾನದಿಂದ ಲೇಸರ್ ಬಿಟ್ಟು ಗಿಡಗಂಟಿ ಎಷ್ಟು ದಟ್ಟ ಅಂತ ಅಳೆದು ಎರಡನ್ನೂ ತಾಳೆ ಹಾಕಿದ ಅಧ್ಯಯನ 2013ರಲ್ಲಿ ಬಂತು. ಗಂಡುಗಳು ಪೊದೆ ದಟ್ಟವಾಗಿರೋ ಕಡೆ ಹೊಂಚು ಹಾಕಿ ಒಂಟಿಯಾಗಿ ಕೊಲ್ಲುತ್ತವೆ, ನಮಗೆ ಕಾಣದ ಜಾಗದಲ್ಲಿ. ಕಾಡೆಮ್ಮೆಯಂಥ ಭಾರೀ ಪ್ರಾಣಿ ಕೆಡವುವಾಗ ಗಂಡಿನ ತೂಕ ಬೇಕೇ ಬೇಕು. ಹೆಣ್ಣು 120-130 ಕಿಲೊ ಇದ್ದರೆ ಗಂಡು 190ರ ಆಸುಪಾಸು. ಗುಂಪಿಗೆ ಸೇರುವ ಮೊದಲು ಅಲೆಮಾರಿಯಾಗಿದ್ದ ವರ್ಷಗಳಲ್ಲಿ ಅವನಿಗೆ ಅಡುಗೆ ಮಾಡಿ ಹಾಕಿದವರು ಯಾರು ಅಂತ ಯೋಚಿಸಿ.

ನಾನು ಒಂದ್ಸಲ ಗೊರೊಂಗೊರೊದಲ್ಲಿ ಬೇಟೆ ನೋಡಿದೀನಿ. ಸುಳ್ಳು ಹೇಳಲ್ಲ, ತೊಂಬತ್ತು ಪಾಲು ಬೇಸರ. ಎರಡು ಗಂಟೆ ಹೊತ್ತು ಮೂರು ಹೆಣ್ಣು ಹುಲ್ಲಲ್ಲಿ ಚಪ್ಪಟೆಯಾಗಿ ಮಲಗಿದ್ವು. ಒಂದು ಎದ್ದು ಹತ್ತು ಹೆಜ್ಜೆ ಹೋಗಿ ಮತ್ತೆ ಮಲಗೋದು. ಆಮೇಲೆ ಏನೋ ಒಂದು ಜೀಬ್ರಾ ತಲೆ ಎತ್ತಿತು, ಇವು ಓಡಿದ್ವು, ಏಳೆಂಟು ಸೆಕೆಂಡು, ಮುಗೀತು. ಜೀಬ್ರಾ ಪಾರು. ಮೂರೂ ಏನೂ ಆಗದವರ ಹಾಗೆ ಕೂತು ಪಂಜ ನೆಕ್ಕಿಕೊಂಡ್ವು.

---

ಗೂಬೆಕಣ್ಣು

ಪಾರಾಗೋದೇ ಹೆಚ್ಚು ಸುಮ ಅವರೇ. ಶಾಲರ್ ಲೆಕ್ಕದಲ್ಲಿ ಒಂಟಿ ಸಿಂಹ ಆರು ಸಲ ನುಗ್ಗಿದರೆ ಒಂದು ಸಲ ಸಿಗುತ್ತೆ. ಜೊತೆಯಾಗಿ ನುಗ್ಗಿದರೆ ಮೂರಕ್ಕೆ ಒಂದು. ಮಲಗಿದ ಸಿಂಹದ ಬಾಯಿಗೆ ಜಿಂಕೆ ತಾನಾಗಿ ಬಂದು ಬೀಳೋದಿಲ್ಲ ಅನ್ನೋ ಮಾತಿದೆಯಲ್ಲ, ಎದ್ದು ಓಡಿದ ಸಿಂಹದ ಬಾಯಿಗೂ ಸುಲಭಕ್ಕೆ ಬೀಳಲ್ಲ. ಮೈಗೆ ಹೋಲಿಸಿದರೆ ಅದರ ಗುಂಡಿಗೆ ತೀರಾ ಚಿಕ್ಕದು, ದೂರದ ಓಟ ಆಗದು. ಹತ್ತಿರಕ್ಕೆ ತೆವಳಿ ಬರೋದರಲ್ಲೇ ಗೆಲುವು ಸೋಲು. ಆ ಕಾರಣಕ್ಕೇ ಬೆಳದಿಂಗಳ ರಾತ್ರಿ ಅದಕ್ಕೆ ಕಷ್ಟ, ಕತ್ತಲು ಸುಗ್ಗಿ. ದಿನದ ಹದಿನಾರರಿಂದ ಇಪ್ಪತ್ತು ಗಂಟೆ ಬಿದ್ದುಕೊಂಡಿರೋದನ್ನ ಸೋಮಾರಿತನ ಅಂತೀವಿ. ಯಾವಾಗ ಸಿಗುತ್ತೋ ಗೊತ್ತಿಲ್ಲದ ಊಟವನ್ನ ನೆಚ್ಚಿಕೊಂಡವರು ಶಕ್ತಿ ಪೋಲು ಮಾಡಲ್ಲ.

ಜೊತೆಯ ಬೇಟೆಯಲ್ಲೂ ಪಾತ್ರಗಳಿವೆ. ನಮೀಬಿಯಾದ ಎಟೋಶಾದಲ್ಲಿ ಫಿಲಿಪ್ ಸ್ಟ್ಯಾಂಡರ್ ಹೆಣ್ಣು ಸಿಂಹಗಳನ್ನ ವರ್ಷಗಟ್ಟಲೆ ನೋಡಿ 1992ರಲ್ಲಿ ಬರೆದದ್ದು: ಕೆಲವು ಯಾವಾಗಲೂ ಎಡಬಲಕ್ಕೆ ಸುತ್ತುಹಾಕಿ ಹೋಗಿ ಪ್ರಾಣಿಗಳನ್ನ ಎಬ್ಬಿಸುತ್ತವೆ, ಕೆಲವು ನಡುವೆ ಕಾದು ಕೂರುತ್ತವೆ. ಒಬ್ಬೊಬ್ಬಳಿಗೆ ಒಂದೊಂದು ಜಾಗ ರೂಢಿ. ಅವರವರ ಜಾಗದಲ್ಲಿದ್ದಾಗ ಬೇಟೆ ಹೆಚ್ಚು ಸಿಗುತ್ತೆ. ಕಬಡ್ಡಿ ತಂಡದಲ್ಲಿ ಮೂಲೆ ಹಿಡಿಯೋರು ಬೇರೆ ಇದ್ದ ಹಾಗೆ.

ಆದರೆ ಸಿಂಹ ಗುಂಪು ಕಟ್ಟಿದ್ದು ಬೇಟೆಗಾಗಿ ಅನ್ನೋದನ್ನ ಪ್ಯಾಕರ್ ಒಪ್ಪಲ್ಲ. ತಲೆಗೆ ಎಷ್ಟು ಮಾಂಸ ಸಿಕ್ಕಿತು ಅಂತ ಲೆಕ್ಕ ಹಾಕಿದರೆ ಗುಂಪು ದೊಡ್ಡದಾದಷ್ಟೂ ಲಾಭ ಅನ್ನೋದು ನಿಲ್ಲೋದಿಲ್ಲ. ಗುಂಪಿನಿಂದ ಆಗೋ ನಿಜವಾದ ಪ್ರಯೋಜನ ಎರಡು: ನೀರು ಸೇರುವ ಒಳ್ಳೆ ಜಾಗವನ್ನ ಪಕ್ಕದ ಗುಂಪಿನಿಂದ ಉಳಿಸಿಕೊಳ್ಳೋದು, ಮತ್ತೆ ನೀವು ಶುರುವಿನಲ್ಲಿ ಕೇಳಿದ್ದು, ಮರಿಗಳನ್ನ ಹೊರಗಿನ ಗಂಡುಗಳಿಂದ ಕಾಯೋದು. ಒಂದೇ ಹೊತ್ತಿಗೆ ಈದ ತಾಯಂದಿರು ಮರಿಗಳನ್ನೆಲ್ಲ ಒಟ್ಟಿಗೆ ಹಾಕಿ ಕಾಯ್ತಾರೆ. ಒಬ್ಬಳಿಗೆ ಗಂಡನ್ನ ತಡೆಯೋಕಾಗಲ್ಲ. ಮೂವರು ಸೇರಿದರೆ ಕೆಲವು ಸಲ ಆಗುತ್ತೆ.

---

ಪ್ರಶ್ನಾರ್ಥಕ

ಎಲ್ಲ ತಾಯಂದಿರೂ ಎಲ್ಲ ಮರಿಗೂ ಹಾಲು ಕೊಡ್ತಾರೆ ಅಂತ ಓದಿದ ನೆನಪು. ಅಷ್ಟು ಉದಾರವಾ?

---

ಡಾ_ಗೊರಸು

ಉದಾರ ಎನ್ನುವುದಕ್ಕಿಂತ ನಿದ್ದೆಗಣ್ಣು ಎನ್ನಬಹುದು. ಎಚ್ಚರವಿದ್ದಾಗ ತಾಯಿ ತನ್ನ ಮರಿಗೇ ಮೊದಲ ಮಣೆ ಹಾಕುತ್ತಾಳೆ, ಬೇರೆಯದು ಬಂದರೆ ಹಲ್ಲು ತೋರಿಸುತ್ತಾಳೆ. ಬೇಟೆ ಮುಗಿಸಿ ಬಂದು ಮೈಮರೆತು ಮಲಗಿದಾಗ ನೆರೆಮನೆ ಮರಿಗಳು ಮೆಲ್ಲಗೆ ನುಸುಳಿ ಕುಡಿಯುತ್ತವೆ. ತನ್ನ ಮರಿ ಒಂದೋ ಎರಡೋ ಇದ್ದು ಹಾಲು ಮಿಕ್ಕಿದ್ದರೆ ಅಷ್ಟಾಗಿ ತಡೆಯುವುದೂ ಇಲ್ಲ. ಹೇಗಿದ್ದರೂ ಅಕ್ಕತಂಗಿಯರ ಮಕ್ಕಳೇ. ಆರೇಳು ತಿಂಗಳಿಗೆ ಹಾಲು ಬಿಡುತ್ತವೆ. ತಾವೇ ಬೇಟೆಯಾಡಿ ಹೊಟ್ಟೆ ಹೊರೆಯಲು ಎರಡು ವರ್ಷವಾದರೂ ಬೇಕು.

---

ಕಾಡುದಾರಿ

ಸಿಂಹಕ್ಕೂ ಹುಲಿಗೂ ಜಗಳ ಬಿದ್ದರೆ ಯಾರು ಗೆಲ್ತಾರೆ? ಇದನ್ನೂ ಸ್ವಲ್ಪ ಹೇಳಿ.

---

ನಿರ್ವಾಹಕ

ಬೇಡ. ಹೋದ ಸಲ ಈ ಪ್ರಶ್ನೆಯಿಂದ ಹನ್ನೊಂದು ಪುಟ ಜಗಳವಾಗಿ ಸಿಂಹ, ಹುಲಿ ಎರಡೂ ಬದುಕಿದ್ವು, ಮೂವರು ಸದಸ್ಯರು ಖಾತೆ ಮುಚ್ಚಿದರು.

---

ಮಳೆಹುಳು

ಹ್ಹಹ್ಹ. ಊಟದ ವಿಷಯಕ್ಕೆ ಬರೋಣ. ಜಿಂಕೆಯಿಂದ ಹಿಡಿದು ಆನೆವರೆಗೆ ಏನು ಸಿಕ್ಕರೂ ತಿನ್ನುತ್ತಾ?

---

ಸವನ್ನಾ_ಸುಮ

ಹೆಚ್ಚುಕಡಿಮೆ ಹೌದು. ಆದ್ರೆ ನಾಲಿಗೆಗೆ ಇಷ್ಟವಾದ ತೂಕ ಅಂತೊಂದಿದೆ. ಆಫ್ರಿಕಾದ ಬೇರೆ ಬೇರೆ ಕಡೆಯ ಬೇಟೆ ಲೆಕ್ಕಗಳನ್ನೆಲ್ಲ ಒಟ್ಟು ಹಾಕಿ ನೋಡಿದ 2005ರ ಒಂದು ವಿಶ್ಲೇಷಣೆ ಪ್ರಕಾರ 190ರಿಂದ 550 ಕಿಲೊ ತೂಗೋ ಪ್ರಾಣಿಗಳು ಅದಕ್ಕೆ ಹೆಚ್ಚು ಇಷ್ಟ. ವಿಲ್ಡೆಬೀಸ್ಟ್, ಜೀಬ್ರಾ, ಕಾಡೆಮ್ಮೆ, ಜೆಮ್ಸ್‌ಬಾಕ್ ಈ ಪಟ್ಟಿಯವು. ಜಿರಾಫೆ ಇನ್ನೂ ಭಾರ, ಆದ್ರೂ ಬಿಡಲ್ಲ. ಜಿರಾಫೆಯ ಒಂದು ಒದೆತಕ್ಕೆ ದವಡೆ ಮುರಿದರೆ ಸಿಂಹದ ಕಥೆ ಮುಗೀತು, ಹಸಿವಿನಿಂದಲೇ ಸಾಯುತ್ತೆ. ಬೋಟ್ಸ್ವಾನಾದ ಸವೂಟಿಯಲ್ಲಿ ದೊಡ್ಡ ಗುಂಪೊಂದು ರಾತ್ರಿ ಹೊತ್ತು ಆನೆಗಳನ್ನೇ ಕೆಡವೋದನ್ನ ರೂಢಿ ಮಾಡಿಕೊಂಡಿತ್ತು, ಹೆಚ್ಚಾಗಿ ಹರೆಯದ ಆನೆಗಳನ್ನ. ಇನ್ನೊಂದು ತುದಿಗೆ, ನಮೀಬಿಯಾದ ಸಮುದ್ರ ತೀರದ ಮರುಭೂಮಿಯ ಸಿಂಹಗಳು ನೀರುಕಾಗೆ, ಫ್ಲೆಮಿಂಗೊ, ಸೀಲ್ ಹಿಡಿದು ತಿಂತಿರೋದನ್ನ ಇದೇ ಸ್ಟ್ಯಾಂಡರ್ ದಾಖಲಿಸಿದಾರೆ. ಸಮುದ್ರ ದಡದಲ್ಲಿ ಸೀಲ್ ಎಳ್ಕೊಂಡು ಹೋಗ್ತಿರೋ ಸಿಂಹ, ಕಲ್ಪಿಸ್ಕೊಳ್ಳಿ.

ಮುಳ್ಳುಹಂದಿಗೆ ಬಾಯಿ ಹಾಕೋ ದಡ್ಡತನವೂ ಉಂಟು. ಹೆಚ್ಚಾಗಿ ಹರೆಯದ ಗಂಡುಗಳೇ, ಇನ್ಯಾರು. ಮೂತಿಗೆ ಚುಚ್ಚಿದ ಮುಳ್ಳು ಕೀವಾಗಿ ಬೇಟೆಯಾಡೋಕಾಗದೆ ಸತ್ತವೂ ಇವೆ.

ದಿನದ ಲೆಕ್ಕದಲ್ಲಿ ಹೆಣ್ಣಿಗೆ ಐದು ಕಿಲೊ, ಗಂಡಿಗೆ ಏಳು ಕಿಲೊ ಮಾಂಸ ಸಾಕು. ಆದ್ರೆ ದಿನಾ ತಿನ್ನಲ್ಲ. ಸಿಕ್ಕ ದಿನ ಗಂಡು ಮೂವತ್ತು ನಲವತ್ತು ಕಿಲೊ ತುಂಬಿಸಿಕೊಂಡು, ಹೊಟ್ಟೆ ನೆಲಕ್ಕೆ ತಾಗೋ ಹಾಗೆ ಬಿದ್ದುಕೊಳ್ಳುತ್ತೆ.

---

ಡಾ_ಗೊರಸು

ಹಸಿದರೂ ಹುಲಿ ಹುಲ್ಲು ತಿನ್ನದು ಎನ್ನುತ್ತೇವೆ. ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ, ಸಿಂಹ ತಿನ್ನುತ್ತದೆ. ಮನೆ ಬೆಕ್ಕಿನ ಹಾಗೆಯೇ ಆಗಾಗ ಹುಲ್ಲು ಕಡಿಯುತ್ತದೆ. ಹೊಟ್ಟೆ ತುಂಬಿಸಿಕೊಳ್ಳಲಿಕ್ಕಲ್ಲ ಅಷ್ಟೇ. ಕಲಹಾರಿಯಲ್ಲಿ ನೀರಿಲ್ಲದಾಗ ಕಾಡು ಕಲ್ಲಂಗಡಿಯನ್ನೂ ತಿನ್ನುತ್ತದೆ.

---

ಕಿರುಬನ_ಕಡೆಯವ

ಸಿಂಹಪಾಲು ಅನ್ನೋ ಪದ ಇದೆಯಲ್ಲ, ಅದು ಮಾತ್ರ ಸರಿಯಾಗಿದೆ. ಕೊಂದಿದ್ದರ ಮುಂದೆ ಶಿಸ್ತಿಲ್ಲ, ಸರದಿಯಿಲ್ಲ. ಬಲ ಇದ್ದವನು ಮೊದಲು. ಗಂಡು ಬಂದರೆ ಹೆಣ್ಣು ಸರೀಬೇಕು, ಹೆಣ್ಣುಗಳು ಮುಗಿಸಿದ ಮೇಲೆ ಮರಿ. ಬರಗಾಲದಲ್ಲಿ ಅಮ್ಮನ ಪಕ್ಕದಲ್ಲೇ ಮರಿ ಹಸಿವಿನಿಂದ ಸಾಯುತ್ತೆ. ನಮ್ಮ ಕಿರುಬದಲ್ಲೂ ಜಗಳ ಇದೆ, ಆದ್ರೆ ಅಲ್ಲಿ ಅಮ್ಮಂದಿರದ್ದೇ ದರ್ಬಾರು, ಗಂಡು ಕೊನೆಗೆ.

---

ಗೂಬೆಕಣ್ಣು

ಊಟದ ಮಾತು ಬಂದಿದ್ದಕ್ಕೆ ನನಗೆ ತುಂಬ ಹಿಡಿಸಿದ ಒಂದು ಸಂಗತಿ. ಕೆನ್ಯಾದ ಲೈಕಿಪಿಯಾದಲ್ಲಿ ಸಿಂಹಗಳು ಮುಖ್ಯವಾಗಿ ಜೀಬ್ರಾ ಹಿಡೀತಿದ್ವು. 2003ರಲ್ಲಿ ಕೊಂದ ಪ್ರಾಣಿಗಳಲ್ಲಿ ಶೇ. 67 ಜೀಬ್ರಾ. 2020ಕ್ಕೆ ಅದು ಶೇ. 42ಕ್ಕೆ ಇಳಿದಿತ್ತು. ಕಾರಣ ಇರುವೆ!

ಅಲ್ಲಿನ ಜಾಲಿ ಮರಗಳ ಉಬ್ಬಿದ ಮುಳ್ಳುಗಳೊಳಗೆ ಒಂದು ಜಾತಿಯ ಇರುವೆ ಗೂಡು ಕಟ್ಟುತ್ತೆ. ಆನೆ ಸೊಂಡಿಲು ಹಾಕಿದರೆ ಸೊಂಡಿಲೊಳಗೇ ನುಗ್ಗಿ ಕಚ್ಚುತ್ತೆ, ಆನೆ ಮರದ ತಂಟೆಗೆ ಬರಲ್ಲ. ಹೊರಗಿನಿಂದ ದಪ್ಪತಲೆ ಇರುವೆ ಬಂತು. ಅದು ಹಳೆಯದನ್ನ ತಿಂದುಹಾಕಿತು, ಮರ ಕಾಯೋ ಕೆಲಸ ಮಾತ್ರ ಮಾಡಲಿಲ್ಲ. ಆನೆಗಳು ಮರ ಮುರಿದವು, ಬಯಲಾಯಿತು. ಮರೆಯಿಲ್ಲದ ಮೇಲೆ ಸಿಂಹ ಹೊಂಚು ಹಾಕೋದೆಲ್ಲಿ? ಜೀಬ್ರಾ ದೂರದಿಂದಲೇ ಕಂಡು ಓಡುತ್ತೆ. ಆಗ ಸಿಂಹಗಳು ಕಾಡೆಮ್ಮೆಗೆ ತಿರುಗಿದ್ವು. ಮೊದಲು ಲೆಕ್ಕದಲ್ಲೇ ಇರದಿದ್ದ ಕಾಡೆಮ್ಮೆ ಶೇ. 42 ಆಯಿತು. ಸಿಂಹಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಆದರೆ ಓಡೋ ಊಟ ಬಿಟ್ಟು ತಿರುಗಿ ಹಾಯೋ ಊಟ ಹಿಡಿದ ಹಾಗಾಯ್ತು. 2024ರಲ್ಲಿ ಪ್ರಕಟವಾದ ಅಧ್ಯಯನ ಇದು.

---

ಪ್ರಶ್ನಾರ್ಥಕ

ಇರುವೆಯದ್ದು ಒಳ್ಳೇ ಕಥೆ. ಮತ್ತೆ ಮೊದಲನೇ ಪ್ರಶ್ನೆಗೆ. ಗೀರ್‌ನಲ್ಲೂ ಹೀಗೇನಾ? ಅಲ್ಲಿ ಗಂಡು ಹೆಣ್ಣು ಒಟ್ಟಿಗೆ ಇರಲ್ಲ ಅಂತ ಕೇಳಿದ್ದೆ.

---

ಸವನ್ನಾ_ಸುಮ

ಗೀರ್ ಬೇರೆಯೇ ಲೋಕ. ಹುಲ್ಲುಗಾವಲಲ್ಲ, ಒಣ ತೇಗದ ಕಾಡು, ಕುರುಚಲು. ಅಲ್ಲಿನ ಮುಖ್ಯ ಬೇಟೆ ಚುಕ್ಕೆ ಜಿಂಕೆ, ಕಡವೆ, ನೀಲಗಾಯ್, ಕಾಡುಹಂದಿ, ಮತ್ತೆ ಅಲ್ಲಿನ ದನಗಾಹಿಗಳಾದ ಮಾಲ್ಧಾರಿಗಳ ದನ, ಎಮ್ಮೆ. ಐವತ್ತು ಕಿಲೊದ ಒಂದು ಜಿಂಕೆಯನ್ನ ಹತ್ತು ಜನ ಹಂಚಿಕೊಂಡರೆ ಯಾರ ಹೊಟ್ಟೆಗೂ ಸಾಲದು. ಹಾಗಾಗಿ ಹೆಣ್ಣುಗಳ ಗುಂಪು ಚಿಕ್ಕದು, ಗಂಡುಗಳು ಬೇರೆಯೇ ತಿರುಗ್ತವೆ. ಬೆದೆಯ ಹೊತ್ತಿಗೋ ದೊಡ್ಡ ಬೇಟೆ ಬಿದ್ದಾಗಲೋ ಭೇಟಿ. ಮನೆ ಅಳಿಯ ಅಲ್ಲ, ಬಂದುಹೋಗೋ ಅಳಿಯ.

ಮಳೆಹುಳು ಅವರೇ, ನಿಮ್ಮ ಪ್ರಶ್ನೆಗೆ ಇಲ್ಲೊಂದು ತಿರುವು ಇದೆ. ಗೀರ್‌ನ ಹೆಣ್ಣು ಒಂದೇ ಜೋಡಿಯ ಗಂಡುಗಳಿಗೆ ಕಟ್ಟುಬೀಳಲ್ಲ. ಅವಳ ನೆಲದ ಮೇಲೆ ಅಂಥ ಎರಡು ಮೂರು ಗಂಡು ಜೋಡಿಗಳ ನೆಲ ಹಾದುಹೋಗಿರುತ್ತೆ, ಎಲ್ಲರ ಜೊತೆಗೂ ಕೂಡ್ತಾಳೆ. ಸ್ತೋತ್ರ ಚಕ್ರಬರ್ತಿ ಮತ್ತು ವೈ.ವಿ. ಝಾಲಾ 2019ರಲ್ಲಿ ಬರೆದದ್ದು ಇದನ್ನೇ. ಹುಟ್ಟಿದ ಮರಿ ಯಾರದ್ದು ಅನ್ನೋ ಗೊಂದಲ ಸುತ್ತಲಿನ ಗಂಡುಗಳಲ್ಲೆಲ್ಲ ಇರುತ್ತೆ, ಹಾಗಾಗಿ ಪರಿಚಯದ ಗಂಡುಗಳು ಮರಿಗಳನ್ನ ಮುಟ್ಟಲ್ಲ. ಮರಿಯಾದ ಮೇಲೆ ಹೋರಾಡೋ ಬದಲು, ಮರಿಯಾಗೋ ಮೊದಲೇ ಎಲ್ಲರ ಬಾಯಿ ಕಟ್ಟಿದ ಹಾಗೆ. ತೀರಾ ಹೊಸಬ ಬಂದರೆ ಮಾತ್ರ ಅಲ್ಲೂ ಮರಿಗಳಿಗೆ ಉಳಿಗಾಲವಿಲ್ಲ.

ಅದೇ ಗೀರ್‌ನಲ್ಲಿ 2018ರ ಕೊನೆಯಲ್ಲಿ ಒಂದು ಹೆಣ್ಣು ಸಿಂಹ ಚಿರತೆ ಮರಿಯೊಂದನ್ನ ತನ್ನ ಎರಡು ಮರಿಗಳ ಜೊತೆ ಸಾಕಿತ್ತು. ಹಾಲು ಕೊಟ್ಟಿತು, ಬೇಟೆಯಲ್ಲಿ ಪಾಲು ಕೊಟ್ಟಿತು. ಸುಮಾರು ಒಂದೂವರೆ ತಿಂಗಳಾದ ಮೇಲೆ ಆ ಚಿರತೆ ಮರಿ ಹುಟ್ಟಿನಿಂದಲೇ ಇದ್ದ ದೋಷದಿಂದ ಸತ್ತುಹೋಯ್ತು. ಸಿಂಹಕ್ಕೂ ಚಿರತೆಗೂ ಎಣ್ಣೆ ಸೀಗೆಕಾಯಿ ಸಂಬಂಧ, ಅಂಥದ್ರಲ್ಲಿ ಇದು.

---

ಡಾ_ಗೊರಸು

ಗೀರ್ ಸೀಮೆಯ ಸಿಂಹಗಳ ಎಣಿಕೆ 2020ರಲ್ಲಿ 674 ಇದ್ದದ್ದು 2025ರಲ್ಲಿ 891 ಆಗಿದೆ. ಸಂತೋಷವೇ. ಆದರೆ ವೈದ್ಯನ ಕಣ್ಣಿಗೆ ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ. 1994ರಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಸೆರೆಂಗೆಟಿಯಲ್ಲಿ ಮೂರನೇ ಒಂದು ಭಾಗ ಸಿಂಹಗಳನ್ನು, ಸುಮಾರು ಸಾವಿರವನ್ನು ಕೊಂದಿತು. ಅದೇ ವೈರಸ್ 2018ರಲ್ಲಿ ಗೀರ್‌ಗೂ ಬಂತು. ಕೆಲವನ್ನು ಮಧ್ಯಪ್ರದೇಶದ ಕುನೊ ಕಾಡಿಗೆ ಕಳಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. 2022ರಲ್ಲಿ ಕುನೊಗೆ ಬಂದದ್ದು ನಮೀಬಿಯಾದ ಚೀತಾ. ಇದರ ಬಗ್ಗೆ ಬೇರೆ ಚರ್ಚೆ ತೆರೆಯಬಹುದು, ಇಲ್ಲಿ ಬೇಡ.

---

ಮಳೆಹುಳು

ಹಾಗಾದ್ರೆ ಆಫ್ರಿಕಾದ ತಾಯಿಗೆ ಮೊದಲೇ ಸುಳಿವು ಸಿಗೋ ದಾರಿ ಏನೂ ಇಲ್ವಾ? ಬಂದವನನ್ನ ನೋಡಿದ ಮೇಲಷ್ಟೇ ಗೊತ್ತಾಗೋದಾ?

---

ಗೂಬೆಕಣ್ಣು

ಇದೆ, ಕಿವಿ. ಗರ್ಜನೆ ಎಂಟು ಕಿಲೋಮೀಟರ್ ದೂರದವರೆಗೆ ಕೇಳಿಸುತ್ತೆ. 1990ರ ದಶಕದಲ್ಲಿ ಕರೆನ್ ಮೆಕೂಂಬ್, ಪ್ಯಾಕರ್, ಪ್ಯೂಸಿ ಸೇರಿ ಸೆರೆಂಗೆಟಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ಗರ್ಜನೆಗಳನ್ನ ಕೇಳಿಸಿದರು. ತಮ್ಮ ಗುಂಪಿನ ಗಂಡುಗಳ ದನಿ ಕೇಳಿದರೆ ತಾಯಂದಿರು ಕಿವಿಯೂ ನಿಮಿರಿಸಲಿಲ್ಲ. ಅಪರಿಚಿತ ಗಂಡಿನ ದನಿ ಕೇಳಿದ್ದೇ ತಡ, ಮರಿಗಳನ್ನ ಎಬ್ಬಿಸಿಕೊಂಡು ಜಾಗ ಖಾಲಿ ಮಾಡಿದ್ವು. ಅಪರಿಚಿತ ಹೆಣ್ಣುಗಳ ದನಿಯಾದರೆ ಎಣಿಕೆ ಶುರು. ಅವರು ಒಬ್ಬರು, ನಾವು ಮೂವರು ಅಂತಿದ್ದರೆ ಸ್ಪೀಕರ್ ಕಡೆಗೇ ನಡೆದು ಬರ್ತಿದ್ವು. ಅವರೇ ಹೆಚ್ಚು ಅನ್ನಿಸಿದರೆ ನಿಧಾನ, ಮತ್ತೆ ಮತ್ತೆ ನಿಂತು ನೋಡೋದು.

ಅಳಿಯ ಏನು ಕೆಲಸ ಮಾಡ್ತಾನೆ ಅಂತ ಕೇಳಿದ್ರಲ್ಲ, ಉತ್ತರ ಇಲ್ಲಿದೆ. ರಾತ್ರಿಯೆಲ್ಲ ಗಡಿ ಸುತ್ತೋದು, ಮೂತ್ರ ಸಿಂಪಡಿಸೋದು, ಗರ್ಜಿಸೋದು. ಅವನು ಗಡಿಯಲ್ಲಿ ನಿಂತಿದ್ದಾನೆ ಅನ್ನೋ ತನಕ ಮಾತ್ರ ಆ ಮರಿಗಳಿಗೆ ಜೀವ. ಒಬ್ಬ ಸತ್ತರೆ ಲೆಕ್ಕವೇ ಬದಲಾಗುತ್ತೆ. 2015ರಲ್ಲಿ ಜಿಂಬಾಬ್ವೆಯ ಹ್ವಾಂಗೆ ಬಳಿ ಸೆಸಿಲ್ ಅನ್ನೋ ಸಿಂಹವನ್ನ ಬೇಟೆಗಾರರು ಕೊಂದಾಗ ಅದರ ಮರಿಗಳ ಕಥೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಸೆಸಿಲ್ ಜೊತೆಗಾರ ಜೆರಿಕೊ ಅನ್ನೋದು ಗುಂಪು ಹಿಡಿದು ನಿಂತಿತು, ಮರಿಗಳನ್ನ ಕೊಲ್ಲಲಿಲ್ಲ. ಅವು ಇಬ್ಬರೂ ಅಣ್ಣತಮ್ಮ ಅಲ್ಲ, ದಾರಿಯಲ್ಲಿ ಸಿಕ್ಕ ಸ್ನೇಹ.

---

ಸವನ್ನಾ_ಸುಮ

ಕೇಸರದ ಬಗ್ಗೆ ಯಾರೂ ಹೇಳಲಿಲ್ಲ. ಚಿಕ್ಕದಾಗಿ ನಾನೇ ಹೇಳಿಬಿಡ್ತೀನಿ. ಪೇಟನ್ ವೆಸ್ಟ್ ಮತ್ತು ಪ್ಯಾಕರ್ ಆಳೆತ್ತರದ ಬೊಂಬೆ ಸಿಂಹಗಳಿಗೆ ಬೇರೆ ಬೇರೆ ಕೇಸರ ತೊಡಿಸಿ ನಿಜವಾದ ಸಿಂಹಗಳ ಮುಂದೆ ನಿಲ್ಲಿಸಿದರು, 2002ರ ಪ್ರಬಂಧ. ಹೆಣ್ಣುಗಳು ಕಪ್ಪು ಕೇಸರದ ಬೊಂಬೆ ಹತ್ತಿರ ಹೋದ್ವು. ಗಂಡುಗಳು ಉದ್ದ ಕೇಸರದ್ದರಿಂದ ದೂರ ಉಳಿದ್ವು. ಕಪ್ಪು ಕೇಸರ ಅಂದ್ರೆ ಚೆನ್ನಾಗಿ ಉಂಡವನು, ಗಟ್ಟಿಗ. ಬಿಸಿಲಲ್ಲಿ ಮೈ ಹೆಚ್ಚು ಬಿಸಿಯಾಗುತ್ತೆ, ಅದು ಆ ಕೇಸರಕ್ಕೆ ತೆರೋ ದಂಡ. ವಯಸ್ಸು ತಿಳೀಬೇಕು ಅಂದ್ರೆ ಮೂಗು ನೋಡಿ. ಎಳೆಯದರ ಮೂಗು ಗುಲಾಬಿ, ಐದು ವರ್ಷ ದಾಟಿದ್ರೆ ಅರ್ಧಕ್ಕರ್ಧ ಕಪ್ಪು.

---

ಮಳೆಹುಳು

ಈಗ ತಾನೇ ವಿಡಿಯೊ ಮತ್ತೆ ನೋಡಿದೆ, ದನಿ ನಿಲ್ಲಿಸಿ, ನಿಧಾನಕ್ಕೆ. ನಾನು ಎರಡು ಗಂಡು ಅಂದಿದ್ದೆ, ಮೂರು ಇವೆ. ಮೂರನೆಯದರ ಕೇಸರ ಇನ್ನೂ ಕುತ್ತಿಗೆಗೆ ಸುತ್ತಿದ ಶಾಲಿನಷ್ಟೇ, ಮೂಗು ಪೂರ್ತಿ ಗುಲಾಬಿ. ಅದು ಮರಿಗಳ ಹತ್ತಿರ ಬರಲೇ ಇಲ್ಲ, ಬದಿಯಲ್ಲಿ ನಿಂತಿತ್ತು.

ಇನ್ನೊಂದು. ಮೊದಲನೇ ದೃಶ್ಯದ ಹಿಂದುಗಡೆ, ಬಲ ಮೂಲೆಯಲ್ಲಿ, ಇನ್ನೊಂದು ಹೆಣ್ಣು ಇದೆ. ಎರಡು ಮರಿಗಳ ಜೊತೆ ಆ ಕಡೆ ಹೋಗ್ತಿದೆ. ಹೋದ ಸಲ ಕಣ್ಣಿಗೇ ಬಿದ್ದಿರಲಿಲ್ಲ.

---

ಗೂಬೆಕಣ್ಣು

ಮರಿಗಳು ಎಷ್ಟು ದೊಡ್ಡವು?

---

ಮಳೆಹುಳು

ತಾಯಿಯ ಭುಜದ ಹತ್ತಿರ ಬರ್ತವೆ. ಮೈ ಮೇಲಿನ ಚುಕ್ಕೆ ಹೆಚ್ಚುಕಡಿಮೆ ಮಾಸಿದೆ.

---

ಗೂಬೆಕಣ್ಣು

ಹಾಗಾದ್ರೆ ವರ್ಷ ದಾಟಿರಬಹುದು. ಆ ವಯಸ್ಸಿನ ಮರಿ ಇರೋ ತಾಯಂದಿರು ಕೆಲವು ಸಲ ಗುಂಪನ್ನೇ ಬಿಟ್ಟು, ಮರಿಗಳನ್ನ ಕಟ್ಟಿಕೊಂಡು ತಿಂಗಳುಗಟ್ಟಲೆ ಅಂಚಿನಲ್ಲಿ ತಿರುಗ್ತಾರೆ. ಮರಿಗಳು ತಾವೇ ಬೇಟೆಯಾಡೋವರೆಗೆ. ಕಷ್ಟದ ದಾರಿ, ಆದರೆ ಉಳಿದವೂ ಇವೆ. ಓಡ್ತಿದ್ದಾಳಾ?

---

ಮಳೆಹುಳು

ಇಲ್ಲ, ನಡೀತಿದ್ದಾಳೆ. ಎರಡು ಸಲ ನಿಂತು ಹಿಂದೆ ತಿರುಗಿ ನೋಡಿದಳು. ಮರಿಗಳು ನಿಲ್ಲಲಿಲ್ಲ, ಮುಂದೆ ಹೋಗ್ತಾನೇ ಇದ್ವು. ಆಮೇಲೆ ಕ್ಯಾಮೆರಾ ಈ ಕಡೆ ತಿರುಗಿತು.